ಸಂಕ ಹಾಕುವ ದಿನವೇ ವಾರ್ಡ್ ಸಭೆ

ಗುಬ್ಬಿಗದ್ದೆಗೆ ಹೋಗಬೇಕೆಂದರೆ ಹಳ್ಳ ದಾಟಲೇಬೇಕು. ಕೋಣಂದೂರಿನಿಂದ ಬರುವ ಬಸ್ಸು ಹಳ್ಳದ ಈಚೆಗೇ ನಿಲ್ಲುತ್ತದೆ. ಶಾಲೆ ಈಚೆಗೆ. ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ, ಅಂಗನವಾಡಿ ಎಲ್ಲವೂ ಈಚೆಗೆ. ಮನೆಗಳು ಮಾತ್ರ ಆಚೆಗೆ.

ನಡುವೆ ಒಂದು ಸಂಕ. ಸಂಕ ಎಂದ ಕೂಡಲೇ ದೊಡ್ಡ ಸೇತುವೆ ಎಂದುಕೊಳ್ಳಬೇಡಿ. ನಾಲ್ಕು ಅಡಿಕೆ ಮರಗಳನ್ನು ಕಡಿದು ಹಳ್ಳಕ್ಕೆ ಅಡ್ಡವಾಗಿ ಒತ್ತೊತ್ತಾಗಿ ಮಲಗಿಸಿ, ತಂತಿ ಬಿಗಿದು, ಹಿಡಿದುಕೊಳ್ಳಲು ಪಕ್ಕಕ್ಕೊಂದು ಬಿದಿರು ಕಟ್ಟಿದರೆ ಅದೇ ಸಂಕ. ಮಳೆಗಾಲದಲ್ಲಿ ಹಳ್ಳ ಅದನ್ನು ಎಳೆದುಕೊಂಡು ಹೋಗುತ್ತದೆ. ಮಳೆ ಬಿಟ್ಟ ಮೇಲೆ ಊರಿನವರು ಮತ್ತೆ ಹಾಕುತ್ತಾರೆ.

ಹಾಕುವುದಕ್ಕೊಂದು ಕ್ರಮವಿದೆ. ಮನೆಗೊಂದಾಳು. ಪ್ರತಿ ಮನೆಯಿಂದ ಒಬ್ಬ ಗಂಡಸು ಬರಲೇಬೇಕು. ಬಾರದ ಮನೆಯವರು ಮಿಕ್ಕವರಿಗೆಲ್ಲ ಒಂದು ಹೊತ್ತು ಊಟ ಹಾಕಬೇಕು. ದಿನ ಗೊತ್ತು ಮಾಡುವವನು ಹುಲಿಯಪ್ಪ. ಎಲ್ಲಿ ಕಲ್ಲು ಇಡಬೇಕು, ಯಾವ ಮರದ ಬುಡ ಯಾವ ದಡಕ್ಕೆ ಬರಬೇಕು, ತಂತಿಯನ್ನು ಎಷ್ಟು ಸುತ್ತಬೇಕು ಎಂದು ಹೇಳುವವನೂ ಅವನೇ. ಊರೆಲ್ಲ ಅವನನ್ನು ಕರೆಯುವುದೇ ಸಂಕದ ಹುಲಿಯಪ್ಪ ಎಂದು.

ಈ ಸಲವೂ ದಿನ ಗೊತ್ತಾಗಿತ್ತು. ಬುಧವಾರ.

ಅದರ ಮುಂಚಿನ ಭಾನುವಾರ ಪಕ್ಕದ ಮನೆ ಶ್ಯಾಮಲಾ ಬಂದಳು. ಅವಳು ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು. ಪಂಚಾಯ್ತಿಯ ವಿಷಯ ಏನೇ ಬಂದರೂ ಮೊದಲು ಅವಳ ಕಿವಿಗೆ ಬೀಳುತ್ತದೆ. ಹುಲಿಯಪ್ಪ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದ. ಅವನ ಹೆಂಡತಿ ಕನ್ನಮ್ಮ ಒಳಗಿನಿಂದ ಬಾಳೆಕಾಯಿ ಹೆಚ್ಚುತ್ತಲೇ ಇಣುಕಿದಳು.

"ಭಾವ, ಬುಧವಾರ ಎಲ್ಲಿಗೂ ಹೋಗ್ಬೇಡಿ. ಅಂಗನವಾಡಿ ಹತ್ರ ವಾರ್ಡ್ ಸಭೆ. ನೋಟೀಸು ಹಚ್ಚಿದಾರೆ."

"ಬುಧವಾರ ಸಂಕ ಹಾಕೋ ದಿನ ಅಲ್ವನೇ?"

"ಗುರುವಾರ ಹಾಕಿ."

"ಗುರುವಾರದಿಂದ ಗದ್ದೆ ಕೊಯ್ಲು. ಒಬ್ಬನೂ ಸಿಗಲ್ಲ. ಮರ ಕಡ್ದು ದಡದಾಗೆ ಹಾಕಿ ಆಯ್ತು. ಸಭೆಗೋಸ್ಕರ ಸಂಕ ನಿಲ್ಸಕ್ಕಾಗ್ತದಾ? ನೀನೊಬ್ಳು."

"ಸಂಕಕ್ಕೋಸ್ಕರನೇ ಸಭೆಗೆ ಬನ್ನಿ ಅಂತಿರೋದು ಭಾವ. ಬರೋ ವರ್ಷದ ದುಡ್ಡು ಈ ವಾರ್ಡಲ್ಲಿ ಎಂತಕ್ಕೆ ಖರ್ಚಾಗ್ಬೇಕು ಅಂತ ಬುಧವಾರ ಬರ್ಕತಾರೆ. ಬಾಯಿ ಬಿಟ್ಟು ಹೇಳಿದ್ದು ಬರವಣಿಗೆಗೆ ಹೋಗ್ತದೆ. ಹೇಳ್ದೆ ಇದ್ದಿದ್ದು ಹಳ್ಳಕ್ಕೆ ಹೋಗ್ತದೆ."

ಹುಲಿಯಪ್ಪ ಕತ್ತಿಯ ಅಲಗಿನ ಮೇಲೆ ಬೆರಳಾಡಿಸಿ ನೋಡಿದ. "ಕೊಡೋದಾದ್ರೆ ಅವರೇ ಕೊಡ್ತಾರೆ. ಹೋಗಿ ಕೈ ಚಾಚಿ ನಿಲ್ಲೋದು ನಂಗಾಗಲ್ಲ ಮಾರಾಯ್ತಿ. ನಮ್ಮಪ್ಪನ ಕಾಲದಿಂದ ನಮ್ಮ ಸಂಕ ನಾವೇ ಹಾಕ್ಕಂಡಿದೀವಿ."

"ಕೈ ಚಾಚೋದು ಎಂತ ಬಂತು? ಮನೆ ಕಂದಾಯ ಕಟ್ತೀರಿ. ಬೀಡಿ, ಬೆಂಕಿಪೊಟ್ಣಕ್ಕೂ ತೆರಿಗೆ ಕೊಡ್ತೀರಿ. ಅದು ನಮ್ಮ ದುಡ್ಡೇ. ನಮ್ಮ ದುಡ್ಡು ಎಲ್ಲಿಗೆ ಹೋಗ್ಬೇಕು ಅಂತ ಹೇಳಿದ್ರೆ ಅದು ಬೇಡೋದಾ?"

"ಸಂಘಕ್ಕೆ ಹೋಗಿ ಹೋಗಿ ಮಾತು ಚೆನ್ನಾಗಿ ಕಲ್ತಿದೀಯ."

"ಕಲ್ತಿದೀನಿ, ಕೇಳಿ. ಸಂಕ ಬಿದ್ದು ಹೋದಾಗ ಒಬ್ರೂ ಬಂದು ನೋಡಲ್ಲ. ನೋಡೋರು ಬರೋ ಹೊತ್ತಿಗೆ ನೀವು ಕಟ್ಟಿ ಮುಗ್ಸಿ, ಎಲೆಅಡಿಕೆ ಹಾಕ್ತಾ ಕೂತಿರ್ತೀರಿ. ಅವ್ರು ಫೋಟೊ ಹೊಡ್ಕಂಡು, ಸೇತುವೆ ಇದೆ ಅಂತ ಬರ್ಕಂಡು ಹೋಗ್ತಾರೆ. ಪ್ರತಿ ವರ್ಷ ಇದೇ ಕಥೆ."

"ಇದೆಯಲ್ಲ ಮತ್ತೆ! ಇಲ್ಲ ಅಂತ ಸುಳ್ಳು ಹೇಳ್ಬೇಕಾ?"

"ಮೆಂಬರ್ ಯೋಗರಾಜಣ್ಣ ಈ ಸಲ ಎಂತ ಕೇಳ್ತಾರೆ ಗೊತ್ತನಾ? ಬಸ್‌ಸ್ಟಾಪ್ ಹತ್ರ ಸ್ವಾಗತ ಕಮಾನು."

"ಆಗ್ಲಿ ಬಿಡು. ಊರಿಗೆ ಕಳೆ ಬರ್ತದೆ."

ಹಿತ್ತಲ ಕಡೆಯಿಂದ ಯಾರೋ ಓಕರಿಸುವ ಸದ್ದು ಕೇಳಿತು. ಕನ್ನಮ್ಮ ಬಾಳೆಕಾಯಿ ಬಿಟ್ಟು ಎದ್ದು ಹೋದಳು. ಹುಲಿಯಪ್ಪ ಮತ್ತೆ ಕತ್ತಿ ಮಸೆಯತೊಡಗಿದ. ಮಾತು ಮುಗಿದಂತೆಯೇ.

ಶ್ಯಾಮಲಾ ಅಂಗಳ ದಾಟುವಷ್ಟರಲ್ಲಿ ಕನ್ನಮ್ಮ ಹಿಂದೆಯೇ ಬಂದು ಅವಳ ರಟ್ಟೆ ಹಿಡಿದಳು.

"ಶ್ಯಾಮಲಾ, ಯಾರಿಗೂ ಹೇಳ್ಬೇಡ. ಸ್ವಾತಿ ಬಸುರಿ."

ಸ್ವಾತಿ ಕನ್ನಮ್ಮನ ಸೊಸೆ. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದು ಎಂಬುದು ಅವರ ಮನೆಯ ಪದ್ಧತಿ. ಹುಲಿಯಪ್ಪನಿಗೂ ಇನ್ನೂ ಹೇಳಿರಲಿಲ್ಲ. ಮಗ ದುರ್ಗೇಶನಿಗಷ್ಟೇ ಗೊತ್ತು.

"ಒಳ್ಳೆ ಸುದ್ದಿ ಅಲ್ವಾ ಕನ್ನಕ್ಕ? ಮುಖ ಯಾಕೆ ಹಂಗೆ ಮಾಡಿದೀರಿ?"

"ದಿನ ತುಂಬೋದು ಆಷಾಢಕ್ಕೆ ಕಣೇ."

ಆಷಾಢದಲ್ಲಿ ಆ ಹಳ್ಳ ಹೇಗಿರುತ್ತದೆ ಎಂದು ಗುಬ್ಬಿಗದ್ದೆಯ ಹೆಂಗಸಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಕದ ಮರದ ಮೇಲೆ ಪಾಚಿ ಕಟ್ಟಿರುತ್ತದೆ. ಕೆಳಗೆ ಕೆಂಪು ನೀರು ಮರವನ್ನು ತಟ್ಟುತ್ತಾ ಹೋಗುತ್ತಿರುತ್ತದೆ. ಮೊದಲ ಹೆರಿಗೆಗೆ ಸ್ವಾತಿ ಹೊಸನಗರದ ತವರಿಗೆ ಹೋಗಿದ್ದಳು. ಈಗ ಅವಳ ತಾಯಿ ಇಲ್ಲ. ಈ ಸಲ ನೋವು ಬಂದರೆ ಇಲ್ಲಿಂದಲೇ ತೀರ್ಥಹಳ್ಳಿ ಆಸ್ಪತ್ರೆಗೆ ಹೋಗಬೇಕು. ದುರ್ಗೇಶನ ಗೂಡ್ಸ್ ಆಟೋ ಇದೆ, ಆದರೆ ಅದು ನಿಲ್ಲುವುದು ಹಳ್ಳದ ಈಚೆಗೆ.

"ಹೋದ್ವರ್ಷ ಜಲಜಮ್ಮನ್ನ ಕುರ್ಚಿಗೆ ಕಟ್ಟಿ ನಾಕು ಜನ ದಾಟ್ಸಿದ್ರಲ್ಲ," ಎಂದಳು ಕನ್ನಮ್ಮ. "ಅವ್ಳು ಕಾಲು ಮುರಿದೋಳು. ಇವ್ಳು ಹೆರೋಳು. ಕುರ್ಚಿಗೆ ಕಟ್ಟಕ್ಕಾಗ್ತದಾ?"

"ಭಾವಂಗೆ ಹೇಳಿ."

"ಹೇಳಿದ್ರೆ ಇನ್ನೆರಡು ಮರ ಜಾಸ್ತಿ ಹಾಕ್ತೀನಿ ಅಂತಾರೆ. ಅಷ್ಟೇ ಅವ್ರಿಗೆ ಗೊತ್ತಿರೋದು."

"ಹಂಗಾದ್ರೆ ಗಂಡಸ್ರು ಸಂಕ ಹಾಕ್ಲಿ. ನಾವು ಸಭೆಗೆ ಹೋಗಣ. ನಮ್ಗೂ ವೋಟಿದೆ ಅಲ್ವಾ?"

ಕನ್ನಮ್ಮ ಇದುವರೆಗೆ ಒಂದು ಸಭೆಗೂ ಹೋದವಳಲ್ಲ. ಮನೆಗೊಂದಾಳು ಎನ್ನುವುದು ಸಂಕಕ್ಕೆ ಮಾಡಿಕೊಂಡ ಕ್ರಮ. ಗುಬ್ಬಿಗದ್ದೆಯವರು ಅದನ್ನು ಸಭೆಗೂ ಅಂಟಿಸಿಕೊಂಡಿದ್ದರು. ಮನೆಗೊಬ್ಬ ಗಂಡಸು ಹೋದರೆ ಸಾಕು ಎಂದು. ಆ ಒಬ್ಬ ಗಂಡಸೂ ಹೋಗದಿದ್ದರೆ ಮನೆಯೇ ಹೋಗಲಿಲ್ಲ ಎಂದಾಯಿತು.

ಬುಧವಾರ ಬೆಳಿಗ್ಗೆ ಗಂಡಸರೆಲ್ಲ ಹಳ್ಳದಲ್ಲಿದ್ದರು. ಎರಡು ಮರ ಮಲಗಿಸಿ ಆಗಿತ್ತು. ತಂತಿ ಬಿಗಿದಿರಲಿಲ್ಲ, ಕೈಹಿಡಿ ಕಟ್ಟಿರಲಿಲ್ಲ. ಅಷ್ಟರಲ್ಲಿ ದಡದ ಮೇಲೆ ಹೆಂಗಸರ ಸಾಲು ಕಂಡಿತು. ಮುಂದೆ ಶ್ಯಾಮಲಾ, ಅವಳ ಹಿಂದೆ ಕನ್ನಮ್ಮ. ಎಲ್ಲರೂ ಒಳ್ಳೆಯ ಸೀರೆ ಉಟ್ಟಿದ್ದರು.

"ಎಲ್ಲಿಗೇ ಮೆರವಣಿಗೆ?" ನೀರಿನಲ್ಲಿ ನಿಂತಿದ್ದ ಹುಲಿಯಪ್ಪ ಕೂಗಿದ.

"ಸಭೆಗೆ," ಎಂದಳು ಕನ್ನಮ್ಮ.

"ಈಗಾ? ಸಂಕ ಆಗಿಲ್ಲ. ಬಿಗೀದೆ ಇರೋ ಮರದ ಮೇಲೆ ಕಾಲಿಟ್ರೆ ಉರುಳ್ತದೆ. ಮಧ್ಯಾಹ್ನದ ಮೇಲೆ ಹೋಗಿ."

"ಮಧ್ಯಾಹ್ನದ ಮೇಲೆ ಹೋದ್ರೆ ಜಮಖಾನ ಮಡಚೋಕೆ ಕರೀತಾರೆ ಭಾವ," ಎಂದು ಶ್ಯಾಮಲಾ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.

"ಏಯ್, ಏಯ್! ಅಲ್ಲಿ ಗುಂಡಿ ಇದೆ!"

ನೀರು ಮೊದಲು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ ಬಂತು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನಡುವಿನಲ್ಲಿ ಕನ್ನಮ್ಮನ ಕಾಲು ಜಾರಿತು. ಶ್ಯಾಮಲಾ ಎಳೆದು ಹಿಡಿದಳು. ಹುಲಿಯಪ್ಪನ ಕೈಯಲ್ಲಿದ್ದ ತಂತಿಯ ಸುರುಳಿ ನೀರಿಗೆ ಬಿತ್ತು. ಅವನು ಎರಡು ಹೆಜ್ಜೆ ಮುಂದೆ ಬರುವಷ್ಟರಲ್ಲಿ ಕನ್ನಮ್ಮ ಸಾವರಿಸಿಕೊಂಡು ದಡ ಹತ್ತಿದ್ದಳು. ಅವಳು ತಿರುಗಿ ನೋಡಲಿಲ್ಲ.

ಅಂಗನವಾಡಿಯ ಮುಂದೆ ಕುರ್ಚಿಗಳೇ ಜಾಸ್ತಿ, ಜನ ಕಡಿಮೆ. ರಸ್ತೆ ಬದಿಯ ಮನೆಗಳಿಂದ ಒಂದಷ್ಟು ಗಂಡಸರು ಬಂದಿದ್ದರು. ವಾರ್ಡ್ ಮೆಂಬರ್ ಯೋಗರಾಜ್ ಅಧ್ಯಕ್ಷರ ಜಾಗದಲ್ಲಿ ಕುಳಿತು ಗಡಿಯಾರ ನೋಡುತ್ತಿದ್ದ. ಸಭೆ ನಡೆಸಿಕೊಡಲು ಬಂದಿದ್ದ ನೋಡಲ್ ಅಧಿಕಾರಿ ಸುಮನಾ ಪೆನ್ನು ಮುಚ್ಚುತ್ತಿದ್ದರು.

"ಕೋರಂ ಇಲ್ಲ. ವಾರ್ಡಿನ ಮತದಾರರು ಇಷ್ಟು ಜನ ಇರಬೇಕು ಅಂತ ನಿಯಮ ಇದೆ. ಹೆಂಗಸರಂತೂ ಯಾರೂ ಇಲ್ಲ. ಸಭೆ ಮುಂದೂಡಬೇಕಾಗ್ತದೆ," ಎಂದರು.

"ಎಂತಕ್ಕೆ ಮೇಡಂ ಮುಂದೂಡೋದು? ಕಮಾನು ಅಂತ ಬರ್ಕಳಿ. ಸಹಿ ನಾನು ಮನೆಮನೆಗೆ ಹೋಗಿ ಹಾಕಿಸ್ಕಂಡು ಬರ್ತೀನಿ," ಎಂದ ಯೋಗರಾಜ್.

"ಅದು ಸಭೆ ಆಗಲ್ಲ."

ಆಗ ಗೇಟಿನ ಹತ್ತಿರ ಸದ್ದಾಯಿತು. ಸೊಂಟದಿಂದ ಕೆಳಗೆ ನೀರು ಸೋರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದರು. ಕೆಂಪು ಸಿಮೆಂಟಿನ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತು. ಯಾರೂ ಕುರ್ಚಿಯಲ್ಲಿ ಕೂರಲಿಲ್ಲ, ಒದ್ದೆಯಾಗುತ್ತದೆ ಎಂದು.

"ಇದೆಂತ ಕನ್ನಕ್ಕ, ಹೊಳೆ ಸ್ನಾನ ಮುಗಿಸ್ಕಂಡು ಬಂದ್ರಾ?" ಯೋಗರಾಜ್ ನಕ್ಕ.

"ನೀವು ಕರೆದ್ರಲ್ಲ, ಬಂದ್ವಿ. ದಾರಿ ಹಿಂಗೆ ಇರೋದು," ಎಂದಳು ಕನ್ನಮ್ಮ.

ಸುಮನಾ ಎಣಿಸಿದರು. ಕೋರಂ ಆಯಿತು. ಸಭೆ ಶುರುವಾಯಿತು.

ಮೊದಲು ಯೋಗರಾಜ್ ಎದ್ದ. "ತೀರ್ಥಹಳ್ಳಿ ಕಡೆ ಯಾವ ಊರಿಗೆ ಹೋದ್ರೂ ಕಮಾನಿದೆ. ಕವಲೇದುರ್ಗ ನೋಡಕ್ಕೆ ಹೋಗೋರು ಈ ರಸ್ತೆಲೇ ಹೋಗೋದು. ನಮ್ಮೂರಿನ ಹೆಸರು ಅವ್ರಿಗೆ ಕಾಣ್ಬೇಕಾ ಬ್ಯಾಡ್ವಾ?" ರಸ್ತೆ ಬದಿಯವರು ತಲೆಯಾಡಿಸಿದರು. ಒಬ್ಬಿಬ್ಬರ ಕೈ ಮೇಲಕ್ಕೆ ಹೋಯಿತು.

ಕನ್ನಮ್ಮನಿಗೆ ಗೊತ್ತಾಯಿತು, ಇನ್ನು ಸ್ವಲ್ಪ ಸುಮ್ಮನಿದ್ದರೆ ಬರೆದು ಮುಗಿಸುತ್ತಾರೆ. ಶ್ಯಾಮಲಾ ಅವಳ ಬೆನ್ನಿಗೆ ಮೊಣಕೈಯಿಂದ ತಿವಿದಳು. ಕನ್ನಮ್ಮ ಬಾಯಿ ಬಿಟ್ಟಳು.

"ಯೋಗರಾಜಣ್ಣ, ಆ ಕಮಾನ್ನ ಮಲಗ್ಸಿ ಹಳ್ಳಕ್ಕೆ ಅಡ್ಡ ಹಾಕ್ತೀರಾದ್ರೆ ನಾನೂ ಕೈ ಎತ್ತೀನಿ."

ಸಭೆ ಗೊಳ್ಳೆಂದಿತು. ಯೋಗರಾಜ್ ಕೂಡ ನಗಬೇಕಾಯಿತು. ಕನ್ನಮ್ಮ ಮಾತ್ರ ನಗಲಿಲ್ಲ. "ನಮ್ಗೆ ಕಾಂಕ್ರೀಟಿನ ಕಾಲುಸಂಕ ಬೇಕು. ಬರ್ಕಳಿ ಮೇಡಂ."

ಸುಮನಾ ಮುಂದಿದ್ದ ಕಾಗದ ತಿರುವಿದರು. "ಅಮ್ಮ, ಇಲ್ಲಿ ಆ ಜಾಗದಲ್ಲಿ ಸೇತುವೆ ಇದೆ ಅಂತ ಇದೆ. ಹೋದ ವರ್ಷದ ಫೋಟೊನೂ ಇದೆ."

"ಇದ್ದಿದ್ರೆ ನಮ್ಮ ಸೀರೆ ಎಂತಕ್ಕೆ ಒದ್ದೆ ಆಗ್ತಿತ್ತು?"

ಸುಮನಾ ಹೆಂಗಸರ ಸೀರೆಯ ಅಂಚು ನೋಡಿದರು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಇವತ್ತು ಸಂಜೆಗೆ ಸಂಕ ರೆಡಿ ಆಗ್ತದೆ ಮೇಡಂ," ಯೋಗರಾಜ್ ನಡುವೆ ಬಂದ. "ಹುಲಿಯಪ್ಪ ಹಾಕೋ ಸಂಕ ಅಂದ್ರೆ ಸುತ್ತಲ ಹತ್ತೂರಲ್ಲಿ ಹೆಸ್ರು. ಬೇಕಾದ್ರೆ ಅವ್ನನ್ನೇ ಕೇಳಿ. ಗಟ್ಟಿ ಇಲ್ಲ ಅಂದ್ರೆ ನಾನೇ ಕಮಾನು ಬಿಡ್ತೀನಿ."

"ನಡೀರಿ, ನೋಡೇ ಬಿಡೋಣ. ಸಭೆ ಅಲ್ಲೇ ಮುಂದುವರಿಸೋಣ," ಎಂದು ಸುಮನಾ ಎದ್ದರು.

ಯೋಗರಾಜ್ ಹೇಳಿದ್ದು ಸುಳ್ಳಲ್ಲ ಎಂದು ಕನ್ನಮ್ಮನಿಗೆ ಗೊತ್ತಿತ್ತು. ಹುಲಿಯಪ್ಪ ತನ್ನ ಸಂಕವನ್ನು ಗಟ್ಟಿಯಿಲ್ಲ ಎಂದು ಯಾವತ್ತೂ ಹೇಳಿದವನಲ್ಲ. ಹೇಳುವವನೂ ಅಲ್ಲ.

ಹಳ್ಳದ ದಡಕ್ಕೆ ಸಭೆಯೇ ಬಂದು ನಿಂತಿತು. ಅಷ್ಟು ಹೊತ್ತಿಗೆ ನಾಲ್ಕೂ ಮರ ಕೂತಿದ್ದವು. ಹುಲಿಯಪ್ಪ ಕೊನೆಯ ತಂತಿ ಬಿಗಿಯುತ್ತಿದ್ದ. ಹೊಸ ಮರ, ಹೊಸ ಬಿದಿರು. ಬಿಸಿಲಿಗೆ ಸಂಕ ಚೆಂದವಾಗಿಯೇ ಕಾಣುತ್ತಿತ್ತು. ಹಾಳಾಗಿದೆ ಎನ್ನಲು ಒಂದು ಗೀರೂ ಇರಲಿಲ್ಲ. ಆಚೆ ದಡದಲ್ಲಿ ಸ್ವಾತಿ ಕೆಲಸದವರಿಗೆ ಮಜ್ಜಿಗೆ ತಂದು ನಿಂತಿದ್ದಳು.

"ಹುಲಿಯಪ್ಪನವರೇ, ಈ ಸಂಕ ಗಟ್ಟಿ ಇದೆಯಾ?" ಸುಮನಾ ಕೇಳಿದರು.

"ಗಟ್ಟಿ ಇಲ್ದೆ ಎಂತ ಮೇಡಂ?" ಅವನು ಎದೆಯುಬ್ಬಿಸಿ ಎದ್ದು ನಿಂತ. "ನಾನು ಹಾಕಿದ್ದು. ನೀವೇ ಬನ್ನಿ, ದಾಟಿ ನೋಡಿ."

ಯೋಗರಾಜ್ ಅಧಿಕಾರಿಯ ಕಡೆ ತಿರುಗಿದ. "ಕೇಳಿದ್ರಲ್ಲ?"

ಸುಮನಾ ಪೆನ್ನು ತೆಗೆದರು. ಇನ್ನೊಂದು ಗೆರೆ ಬರೆದರೆ ಮುಗಿಯಿತು.

"ನಿಲ್ಲಿ ಮೇಡಂ," ಎಂದಳು ಕನ್ನಮ್ಮ. ಅವಳು ಸಂಕದ ತುದಿಗೆ ಬಂದು ಗಂಡನ ಮುಂದೆ ನಿಂತಳು. "ಬರೋ ಆಷಾಢದಾಗೆ ನಮ್ಮನೆಯಿಂದ ಒಬ್ಳು ಆಸ್ಪತ್ರೆಗೆ ಹೋಗೋದಿದೆ. ಇದ್ರ ಮೇಲೆ ಕಳ್ಸಣಾ? ನೀವೇ ಹೇಳಿ."

ಹೆಂಗಸರೆಲ್ಲ ಒಮ್ಮೆಗೇ ಆಚೆ ದಡದ ಕಡೆ ನೋಡಿದರು. ಸ್ವಾತಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ನೀರಿನಲ್ಲಿ ನಿಂತಿದ್ದ ದುರ್ಗೇಶ ತಲೆ ತಗ್ಗಿಸಿದ.

ಹುಲಿಯಪ್ಪ ಸೊಸೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಇಷ್ಟು ಜನರ ಮುಂದೆ, ಮೂರು ತಿಂಗಳು ತುಂಬುವ ಮುಂಚೆ, ಅವಳು ಬಾಯಿ ಬಿಟ್ಟಿದ್ದಳು. ಎಷ್ಟು ಹೆದರಿದ್ದರೆ ಹೀಗೆ ಹೇಳಿಯಾಳು ಎಂದು ಅವನಿಗೆ ತಿಳಿಯಿತು. ಅವನು ಕೈಯಲ್ಲಿದ್ದ ತಂತಿಯನ್ನು ಬಿಗಿಯಲೂ ಇಲ್ಲ, ಬಿಡಲೂ ಇಲ್ಲ.

"ಮೇಡಂ," ಎಂದ ಕೊನೆಗೆ. ದನಿ ಸಣ್ಣದಾಗಿತ್ತು. "ಈಗ ಗಟ್ಟಿ ಇದೆ. ಬೇಸಿಗೆ ಮುಗಿಯೋ ತಂಕ ಇರ್ತದೆ. ಆದ್ರೆ ಮಳೆ ಹಿಡ್ದ ಮೇಲೆ ಮರ ಜಾರ್ತದೆ. ಒಳಗಿಂದ ಕೊಳ್ತು ಕುಂಬಾಗಿರ್ತದೆ, ಮೇಲಿಂದ ಗೊತ್ತಾಗಲ್ಲ." ತಂತಿ ಕೆಳಗಿಟ್ಟು ಹೇಳಿದ, "ಆಷಾಢದಾಗೆ ನಾನೇ ಇದನ್ನ ನಿಂತ್ಕಂಡು ದಾಟಲ್ಲ. ಕೂತ್ಕಂಡು, ತೆವಳ್ಕಂಡು ದಾಟೋದು. ಯಾರೂ ಇಲ್ಲದ ಹೊತ್ತು ನೋಡಿ."

ಸಂಕದ ಹುಲಿಯಪ್ಪ ತೆವಳಿಕೊಂಡು ದಾಟುತ್ತಾನೆ! ಬೇರೆ ದಿನವಾಗಿದ್ದರೆ ವಾರಗಟ್ಟಲೆ ನಗುತ್ತಿದ್ದರು. ಅವತ್ತು ಒಬ್ಬನೂ ನಗಲಿಲ್ಲ.

"ನಾನೂ ಹಂಗೇ ಮಾರಾಯ," ಎಂದ ನೀರಿನಲ್ಲಿದ್ದ ರಾಜು. "ನಾನೊಬ್ನೇ ಅಂದ್ಕಂಡಿದ್ದೆ."

"ಬರ್ಕಳಿ ಮೇಡಂ," ಎಂದ ಹುಲಿಯಪ್ಪ. "ಸೇತುವೆ ಇಲ್ಲ ಅಂತ ಬರ್ಕಳಿ. ಸಂಕ ಹಾಕೋನು ನಾನೇ ಹೇಳ್ತಿದೀನಿ."

ಸುಮನಾ ದಡದ ಕಲ್ಲಿನ ಮೇಲೆ ಕುಳಿತು ಬರೆದರು. ಬರೆದಿದ್ದನ್ನು ಗಟ್ಟಿಯಾಗಿ ಓದಿದರು. ವಾರ್ಡಿನ ಮೊದಲ ಕೆಲಸ, ಗುಬ್ಬಿಗದ್ದೆ ಹಳ್ಳಕ್ಕೆ ಕಾಂಕ್ರೀಟ್ ಕಾಲುಸಂಕ. ಒಪ್ಪಿಗೆ ಇರುವವರು ಕೈ ಎತ್ತಿ ಎಂದರು. ಈಚೆ ದಡದಲ್ಲಿ, ನೀರಿನಲ್ಲಿ, ಆಚೆ ದಡದಲ್ಲಿ ಕೈಗಳು ಎದ್ದವು. ಯೋಗರಾಜ್ ಆ ಕಡೆ ಈ ಕಡೆ ನೋಡಿ ತಾನೂ ಕೈ ಎತ್ತಿದ. "ಮಾತು ಅಂದ್ಮೇಲೆ ಮಾತು. ಆದ್ರೆ ಕಮಾನನ್ನ ಎರಡ್ನೇದಾಗಿ ಬರ್ಕಳಿ ಮೇಡಂ," ಎಂದ.

ಇಲ್ಲಿಗೆ ಮುಗಿಯಿತು ಎಂದು ಗುಬ್ಬಿಗದ್ದೆಯವರು ಅಂದುಕೊಂಡಿದ್ದರು. ಶ್ಯಾಮಲಾ ಬಿಡಲಿಲ್ಲ. "ವಾರ್ಡ್ ಸಭೇಲಿ ಹೇಳಿದ್ದು ಗ್ರಾಮಸಭೆಗೆ ಹೋಗ್ತದೆ. ಅಲ್ಲಿ ಎಲ್ಲಾ ವಾರ್ಡಿನೋರೂ ಕೇಳೋರೇ. ನಾವಿಲ್ದೆ ಇದ್ರೆ ನಮ್ಮದು ಕೆಳಗೆ ಜಾರ್ತದೆ," ಎಂದಳು. ಗ್ರಾಮಸಭೆಯ ಹಿಂದಿನ ದಿನ ಹುಲಿಯಪ್ಪ ಮನೆಮನೆಗೆ ಹೋಗಿ ಹೇಳಿ ಬಂದ.

"ಸಂಕಕ್ಕಾದ್ರೆ ಮನೆಗೊಂದಾಳು. ಸಭೆಗೆ ಮನೆಮಂದಿಯೆಲ್ಲ. ಬರ್ದೆ ಇದ್ದೋರು ಊರಿಗೆಲ್ಲ ಊಟ ಹಾಕ್ಬೇಕು, ಕೋಳಿಸಾರಿನ ಊಟ!"

ಗ್ರಾಮಸಭೆಯಲ್ಲಿ ಕಾಲುಸಂಕ ಉಳಿಯಿತು. ಮಂಜೂರಾಯಿತು. ಆದರೂ ಕೆಲಸ ತಡವಾಯಿತು. ಕನ್ನಮ್ಮ ಪಂಚಾಯ್ತಿ ಕಚೇರಿಗೆ ಹೋಗಿ, ಎಲ್ಲಿಗೆ ಬಂತು, ಯಾವಾಗ ಶುರು ಎಂದು ಕೇಳುತ್ತಲೇ ಇದ್ದಳು. ಅಲ್ಲಿಯವರಿಗೆ ಅವಳ ಹೆಜ್ಜೆ ಸದ್ದೇ ಗೊತ್ತಾಗಿಬಿಟ್ಟಿತ್ತು. ಮಳೆ ಹಿಡಿಯುವ ಮುಂಚೆ ಕಂಬ ಎದ್ದವು, ಮೇಲೆ ಕಾಂಕ್ರೀಟಿನ ಹಲಗೆ ಬಿತ್ತು. ಒಂದು ಬದಿಯ ಕೈಹಿಡಿ ಮಾತ್ರ ಬಾಕಿ ಉಳಿಯಿತು. ಅದನ್ನು ಇನ್ನೂ ಕೇಳುತ್ತಿದ್ದಾರೆ.

ಆಷಾಢದ ಒಂದು ಬೆಳಿಗ್ಗೆ ಸ್ವಾತಿಗೆ ನೋವು ಬಂತು. ಹಳ್ಳ ಕೆಂಪಗೆ ದಡ ತುಂಬಿ ಹೋಗುತ್ತಿತ್ತು. ದುರ್ಗೇಶ ಮುಂದೆ ಓಡಿ ಆಟೋ ಚಾಲೂ ಮಾಡಿದ. ಕನ್ನಮ್ಮ ಸ್ವಾತಿಯ ಕೈ ಹಿಡಿದು ಕಾಲುಸಂಕದ ಮೇಲೆ ನಡೆಸಿದಳು. ಹಿಂದಿನಿಂದ ಹುಲಿಯಪ್ಪ ಕೊಡೆ ಹಿಡಿದು ಬರುತ್ತಿದ್ದ. ನಡುವಿಗೆ ಬಂದಾಗ ಅವನ ಮೊಣಕಾಲು ತಾನಾಗಿ ಬಗ್ಗಿತು. ಅಷ್ಟು ವರ್ಷದ ಅಭ್ಯಾಸ.

"ಮಾವಯ್ಯ, ಕೂರ್ಬೇಡಿ," ಎಂದಳು ಸ್ವಾತಿ, ಹಲ್ಲು ಕಚ್ಚಿಕೊಂಡೇ. "ಕೊಡೆ ನನ್ ತಲೆ ಮೇಲಿರ್ಲಿ."

ಹುಲಿಯಪ್ಪ ನೆಟ್ಟಗೆ ನಿಂತ. ನಿಂತುಕೊಂಡೇ ದಾಟಿದ. ಮಧ್ಯಾಹ್ನದೊಳಗೆ ತೀರ್ಥಹಳ್ಳಿಯಿಂದ ಊರಿಗೆ ಫೋನು ಬಂತು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಆರಾಮ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಲ್ಲೂ ಇಂಥದ್ದೊಂದು ಸಂಕ ಇರಬಹುದು. ಸಂಕವೇ ಆಗಬೇಕೆಂದಿಲ್ಲ. ನೀವೇ ವರ್ಷವರ್ಷ ತೇಪೆ ಹಾಕಿಕೊಂಡು, ನಡೆಯುತ್ತದೆ ಬಿಡು ಎಂದು ಸುಮ್ಮನಿರುವ ಬಾವಿಕಟ್ಟೆ ಇರಬಹುದು, ನೀರಿನ ಪೈಪು ಇರಬಹುದು, ಕತ್ತಲ ದಾರಿ ಇರಬಹುದು. ನೀವು ಹೇಳದಿದ್ದರೆ ಕಾಗದದಲ್ಲಿ ಅದು ಚೆನ್ನಾಗಿಯೇ ಇದೆ ಎಂದಿರುತ್ತದೆ. ನಿಮ್ಮ ವಾರ್ಡ್ ಸಭೆ ಯಾವತ್ತು ಎಂದು ಇವತ್ತೇ ಪಂಚಾಯ್ತಿಯಲ್ಲಿ ಕೇಳಿ. ಅವತ್ತು ಗಂಡಸರು ಹೋದರೆ ಸಾಕು ಎನ್ನಬೇಡಿ, ಅತ್ತೆ ಸೊಸೆ ಇಬ್ಬರೂ ಹೋಗಿ. ಬೇಕಾದ್ದನ್ನು ಬಾಯಿಬಿಟ್ಟು ಹೇಳಿ, ಬರೆದಿದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಸಹಿಗೆಂದು ಮನೆಬಾಗಿಲಿಗೆ ಯಾರಾದರೂ ಬಂದರೆ, ಸಭೆ ಎಲ್ಲಿ ನಡೆಯಿತು ಎಂದು ಮೊದಲು ಕೇಳಿ.

ಸೀರೆ ಒದ್ದೆಯಾದರೂ ಪರವಾಗಿಲ್ಲ, ಹೋಗಿ. ಬಿಸಿಲಿಗೆ ಒಣಗುತ್ತದೆ.